ತಲೆಬುರುಡೆ ಮುಚ್ಚುವುದು ಸೋಗಲ್ಲ



ತಲೆಯ ಮೇಲಿನ ಕ್ಯಾನ್ಸರ್ ಹುಣ್ಣನ್ನು ಡಾಕ್ಟರರು ಕೊಯ್ದು ತೆಗೆದ ಮೇಲೆ ಅಲ್ಲಿ ಒಂದು ಬಯಲು ಗಾಯ ಉಳಿಯುತ್ತದೆ. ಅದನ್ನು ಬೇರೆ ಚರ್ಮದಿಂದ ಮುಚ್ಚುವುದಕ್ಕೆ ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಈ ಎರಡನೆಯ ಕೆಲಸಕ್ಕೆ ನಮ್ಮ ಕಡೆ ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟಿದ್ದಾರೆ. ಮುಕಾದಮ ಅದನ್ನು ‘ನೆಪ’ ಅನ್ನುತ್ತಾನೆ. ಕಚೇರಿಯ ಗುಮಾಸ್ತ ‘ಸೌಂದರ್ಯದ ಆಪರೇಷನ್’ ಅನ್ನುತ್ತಾನೆ. ಮನೆಯ ಹಿರಿಯರು ‘ಜೀವ ಉಳೀತಲ್ಲ, ಇನ್ಯಾಕ ಈ ಸೋಗು?’ ಅನ್ನುತ್ತಾರೆ. ಮೂವರ ಮಾತೂ ತಪ್ಪು. ಈ ತಪ್ಪು ಮಾತಿನಿಂದ ದುಡಿಯುವ ಜನರ ಜೀವಕ್ಕೆ ಅಪಾಯವಿದೆ. ಆದುದರಿಂದ ಇದನ್ನು ಬಿಚ್ಚಿ ಹೇಳಬೇಕಾಗಿದೆ.

ತಲೆಬುರುಡೆ ಮುಚ್ಚುವುದು ಚಿಕಿತ್ಸೆಯ ಎರಡನೆಯ ಅರ್ಧ. ಮೊದಲನೆಯ ಅರ್ಧ ಮಾಡಿ ಎರಡನೆಯದನ್ನು ಬಿಟ್ಟರೆ ಮೊದಲನೆಯದೂ ವ್ಯರ್ಥವಾಗಬಹುದು. ಹೇಗೆಂದು ನೋಡೋಣ.

ತಲೆಯೇ ನಮ್ಮ ಗಾಡಿ

ಉಮರ್ಗಾ, ನಿಲಂಗಾ, ಉದಗೀರ ಈ ಮೂರು ತಾಲೂಕುಗಳಲ್ಲಿ ಮನೆಯ ಮಾತು ಕನ್ನಡವಾಗಿರುವ ಕುಟುಂಬಗಳು ಎಷ್ಟೋ ಇವೆ. 1956ರ ನವೆಂಬರ್ 1ರ ತನಕ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಗೆರೆ ಎಳೆಯಲಾಯಿತು, ಆದರೆ ನೆಂಟಸ್ತಿಕೆಗೆ ಯಾರೂ ಗೆರೆ ಎಳೆಯಲಾಗಲಿಲ್ಲ. ಈಗಲೂ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ದೊಡ್ಡ ದವಾಖಾನೆಯ ಕಾಗದದಲ್ಲಿ ಇಂಗ್ಲಿಷ್. ಮೂರು ಭಾಷೆಗಳ ನಡುವೆ ರೋಗಿಯು ಮೂಕನಾಗಿ ನಿಲ್ಲುತ್ತಾನೆ.

ಮಳೆ ಕೈಕೊಟ್ಟ ಮರಾಠವಾಡದಿಂದ ಪ್ರತಿ ವರ್ಷ ದಸರೆ ದೀಪಾವಳಿ ಹೊತ್ತಿಗೆ ಟೋಳಿಗಳು ಕಬ್ಬು ಕಡಿಯಲು ಹೊರಡುತ್ತವೆ. ಗಂಡ ಹೆಂಡತಿ ಇಬ್ಬರೂ ಕೂಡಿ ಒಂದು ‘ಕೊಯ್ತಾ’ ಎಂದು ಲೆಕ್ಕ. ಗಂಡ ಕಡಿಯುತ್ತಾನೆ, ಹೆಂಡತಿ ಕಟ್ಟುತ್ತಾಳೆ. ಕಟ್ಟಿದ ಮೋಳಿಯನ್ನು ತಲೆಯ ಮೇಲೆ ಹೊತ್ತು, ಹಲಗೆ ಏಣಿ ಹತ್ತಿ, ಟ್ರಕ್ಕಿನಲ್ಲಿ ಒಟ್ಟುತ್ತಾಳೆ. ಮೂವತ್ತು ನಲವತ್ತು ಕಿಲೋ ಹೊರೆ, ದಿನಕ್ಕೆ ಎಷ್ಟೋ ಸಲ. ಈ ಪತ್ರಿಕೆ ಓದುವ ಎಸ್ಟೇಟಿನ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕಾಫಿ ಹಣ್ಣಿನ ಚೀಲ, ಗೊಬ್ಬರದ ಬುಟ್ಟಿ, ಸೌದೆ. ಇಲ್ಲಿ ಕಬ್ಬಿನ ಮೋಳಿ, ಇಟ್ಟಿಗೆ, ನೀರಿನ ಕೊಡ. ಹೊರೆ ಬೇರೆಯಾದರೂ ಸಿಂಬಿ ಒಂದೇ. ಶ್ರೀಮಂತನಿಗೆ ತಲೆಯೆಂದರೆ ಬಾಚುವ ಜಾಗ, ನಮಗೆ ಅದು ಗಾಡಿ. ಅಂಥ ತಲೆಗೆ ಕಾಯಿಲೆ ಬಂದಾಗ, ಅದನ್ನು ಸರಿಪಡಿಸುವುದು ಸೋಗು ಎಂದರೆ ನಗಬೇಕೋ ಅಳಬೇಕೋ!

ಹುಣ್ಣು ಎಲ್ಲಿಂದ ಬರುತ್ತದೆ

ಚರ್ಮದ ಕ್ಯಾನ್ಸರ್ ನಮ್ಮ ದೇಶದಲ್ಲಿ ಬಾಯಿ, ಗರ್ಭಕೋಶದ ಕೊರಳು, ಮೊಲೆಯ ಕ್ಯಾನ್ಸರುಗಳಷ್ಟು ಹೆಚ್ಚಾಗಿಲ್ಲ. ಬಿಸಿಲು ಬಿಳಿ ತೊಗಲಿನವರಿಗೆ ಹೆಚ್ಚು ಕೇಡು ಮಾಡುತ್ತದೆ, ಕಪ್ಪು ತೊಗಲು ನಮ್ಮನ್ನು ಬಹಳ ಮಟ್ಟಿಗೆ ಕಾಯುತ್ತದೆ. ಹುಟ್ಟಿನಿಂದಲೇ ಮೈಗೂ ಕೂದಲಿಗೂ ಬಣ್ಣವಿಲ್ಲದ ಮಕ್ಕಳಿಗೆ ಈ ಕಾವಲು ಇಲ್ಲ. ಅಂಥವರು ಹೊಲದಲ್ಲಿ ದುಡಿಯುವಾಗ ತಲೆಗೆ ಯಾವಾಗಲೂ ಬಟ್ಟೆ ಇರತಕ್ಕದ್ದು.

ನಮ್ಮವರಿಗೆ ಇನ್ನೊಂದು ದಾರಿಯೂ ಇದೆ, ಅದು ಹಳೆಯ ಗಾಯದ ದಾರಿ. ಚಿಕ್ಕಂದಿನಲ್ಲಿ ಒಲೆಗೆ ಬಿದ್ದು ಸುಟ್ಟ ತಲೆ, ಬಿಸಿನೀರು ಸುರಿದ ತಲೆ, ವರ್ಷಗಟ್ಟಲೆ ಮಾಯದೆ ಸೋರುವ ಗಾಯ. ಇಂಥ ಕಲೆಯಲ್ಲಿ ಇಪ್ಪತ್ತು, ಮೂವತ್ತು ವರ್ಷಗಳ ನಂತರ ಕ್ಯಾನ್ಸರ್ ಏಳಬಹುದು. ಫ್ರಾನ್ಸಿನ ಮಾರ್ಜೋಲಿನ್ ಎಂಬ ವೈದ್ಯನು 1828ರಲ್ಲಿ ಇಂಥ ಹುಣ್ಣುಗಳನ್ನು ವರ್ಣಿಸಿದ್ದರಿಂದ ಇಂದಿಗೂ ಡಾಕ್ಟರರು ಅವನ ಹೆಸರಿನಿಂದಲೇ ಕರೆಯುತ್ತಾರೆ. ಎಲ್ಲ ಕಲೆಯೂ ಕ್ಯಾನ್ಸರ್ ಆಗುವುದಿಲ್ಲ, ಹೆದರಬೇಡಿರಿ. ಆದರೆ ಹಳೆಯ ಕಲೆ ಮತ್ತೆ ಒಡೆದು, ಅಂಚು ದಪ್ಪಗಾಗಿ, ಮುಟ್ಟಿದರೆ ರಕ್ತ ಬಂದು, ನಾಲ್ಕು ವಾರವಾದರೂ ಮಾಯದಿದ್ದರೆ ಅದು ಕಲೆಯ ಮಾತಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾಯಿತು. ಉಮರ್ಗಾ, ಔಸಾ, ನಿಲಂಗಾ ಕಡೆಯ ಹಳ್ಳಿಗಳಲ್ಲಿ ಕಲ್ಲು ಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ಸತ್ತವರು ಹತ್ತು ಸಾವಿರದ ಹತ್ತಿರ. ಬದುಕಿ ಉಳಿದವರಲ್ಲಿ ತಲೆಗೆ ಗಾಯದ ಕಲೆ ಹೊತ್ತವರು ಇಂದಿಗೂ ಇದ್ದಾರೆ. ಅಂಥ ಹಳೆಯ ಕಲೆ ಒಡೆದು ಮಾಯದೆ ಇದ್ದರೆ ಅದಕ್ಕೆ ಅರಿಶಿನ ಮೆತ್ತುತ್ತಾ ಕೂಡ್ರಬೇಡಿರಿ. ದೊಡ್ಡ ದವಾಖಾನೆಗೆ ಹೋಗಿ ಒಂದು ಚೂರು ತೆಗೆಸಿ ಪರೀಕ್ಷೆಗೆ ಕಳಿಸಿರಿ. ಪರೀಕ್ಷೆ ಇಲ್ಲದೆ ಹುಣ್ಣು ಸುಡುವವನ ಕೈಗೂ, ಕೆರೆದು ಪಟ್ಟಿ ಕಟ್ಟುವವನ ಕೈಗೂ ತಲೆ ಕೊಡಬೇಡಿರಿ.

ಬಂಡೆಯ ಮೇಲೆ ಬೀಜ ಮೊಳೆಯುವುದಿಲ್ಲ

ಈಗ ಮುಖ್ಯ ಮಾತಿಗೆ ಬರೋಣ. ನೆತ್ತಿಯ ಮೇಲೆ ಐದು ಪದರಗಳಿವೆ. ಎಲ್ಲಕ್ಕೂ ಮೇಲೆ ಕೂದಲಿರುವ ಚರ್ಮ. ಅದರ ಕೆಳಗೆ ಕೊಬ್ಬು, ರಕ್ತನಾಳಗಳ ಪದರ. ಅದಕ್ಕೇ ತಲೆ ಒಡೆದರೆ ಅಷ್ಟೊಂದು ರಕ್ತ ಹೋಗುತ್ತದೆ. ಮೂರನೆಯದು ಕ್ಯಾನ್ವಾಸ್ ಬಟ್ಟೆಯಂಥ ಬಿಗಿಯಾದ ಹಾಳೆ. ನಾಲ್ಕನೆಯದು ಸಡಿಲವಾದ ಪದರ; ಅದರಿಂದಲೇ ನೆತ್ತಿಯ ಚರ್ಮ ಹಿಂದೆ ಮುಂದೆ ಸರಿಯುತ್ತದೆ. ಐದನೆಯದು ಎಲುಬಿಗೆ ಅಂಟಿಕೊಂಡ ತೆಳುವಾದ ಪೊರೆ. ಅದರ ಕೆಳಗೆ ಬುರುಡೆ.

ಈ ತೆಳು ಪೊರೆಯೇ ಎಲ್ಲದರ ಕೀಲಿಕೈ. ಕ್ಯಾನ್ಸರ್ ಮೇಲಿನ ಪದರದಲ್ಲೇ ಇದ್ದಾಗ ಬಂದರೆ ಡಾಕ್ಟರರು ಹುಣ್ಣನ್ನೂ ಅದರ ಸುತ್ತ ಒಂದಷ್ಟು ಒಳ್ಳೆಯ ಚರ್ಮವನ್ನೂ ತೆಗೆದು ಪೊರೆಯನ್ನು ಉಳಿಸಬಹುದು. ಪೊರೆ ಉಳಿದರೆ ತೊಡೆಯಿಂದ ಕಾಗದದಷ್ಟು ತೆಳುವಾದ ಚರ್ಮ ತೆಗೆದು ಮೇಲೆ ಹಾಸಬಹುದು. ಇದಕ್ಕೆ ಚರ್ಮದ ಕಸಿ ಎನ್ನುತ್ತಾರೆ. ಪೊರೆಯಲ್ಲಿ ರಕ್ತ ಆಡುವುದರಿಂದ ಕಸಿ ಹಿಡಿಯುತ್ತದೆ.

ಆದರೆ ತಡವಾಗಿ ಬಂದವರ ತಲೆಯಲ್ಲಿ ಹುಣ್ಣು ಪೊರೆಯನ್ನೂ ತಿಂದಿರುತ್ತದೆ. ಪೊರೆ ತೆಗೆಯಲೇಬೇಕು. ಆಗ ಉಳಿಯುವುದು ಬರಿಯ ಎಲುಬು. ಅದರ ಮೇಲೆ ಕಸಿ ಹಾಸಿದರೆ ಬಂಡೆಯ ಮೇಲೆ ಬೀಜ ಚೆಲ್ಲಿದಂತೆ. ರಕ್ತವಿಲ್ಲದ ಕಡೆ ಚರ್ಮ ಸಾಯುತ್ತದೆ. ಹಾಗೆಂದು ಎಲುಬನ್ನು ಬಯಲಿಗೆ ಬಿಟ್ಟರೆ ಏನಾಗುತ್ತದೆ? ಗಾಳಿಗೆ ಅದು ಒಣಗುತ್ತದೆ, ಹೊರಪದರ ಸಾಯುತ್ತದೆ, ಕೀವು ಹಿಡಿಯುತ್ತದೆ. ಆ ಎಲುಬಿನ ಆಚೆಗೆ ಇರುವುದು ಮಿದುಳು! ಅದಕ್ಕೆ ರುಮಾಲು ಸುತ್ತಿ, ಸೆರಗು ಹೊದೆಸಿ ‘ಆಯಿತು’ ಎನ್ನುವವರು ಮನೆಯ ಮಾಳಿಗೆ ಕುಸಿದಾಗ ಮೇಲೆ ಚಾದರ ಹಾಸಿ ಮಲಗುವವರಂತೆ.

ಇನ್ನೊಂದು ಮಾತು ಕೇಳಿರಿ. ಎಷ್ಟೋ ರೋಗಿಗಳಿಗೆ ಆಪರೇಷನ್ ನಂತರ ಕಿರಣದ ಚಿಕಿತ್ಸೆ ಬೇಕಾಗುತ್ತದೆ. ತಲೆ ಕುತ್ತಿಗೆಯ ಕ್ಯಾನ್ಸರುಗಳಲ್ಲಿ ಸಾಮಾನ್ಯವಾಗಿ ಆರು ವಾರದೊಳಗೆ ಅದನ್ನು ಶುರುಮಾಡಲು ಡಾಕ್ಟರರು ನೋಡುತ್ತಾರೆ. ಗಾಯ ಮುಚ್ಚಿ ಮಾಯದೆ ಕಿರಣ ಕೊಡಲು ಬರುವುದಿಲ್ಲ. ಅಂದರೆ ಮುಚ್ಚುವುದು ತಡವಾದಷ್ಟೂ ಉಳಿದ ರೋಗಕ್ಕೆ ತಿರುಗಿ ಬೆಳೆಯಲು ಹೊತ್ತು ಸಿಗುತ್ತದೆ. ಈಗ ಹೇಳಿರಿ, ಇದು ಸೌಂದರ್ಯವೇ?

ಮುಚ್ಚುವ ದಾರಿಗಳು

ಬೆರಳೆರಡರ ಅಗಲದ ಗಾಯವಾದರೆ ಅಂಚುಗಳನ್ನು ಎಳೆದು ಹೊಲಿಯಬಹುದು. ನೆತ್ತಿಯ ಚರ್ಮ ಹೊಟ್ಟೆಯ ಚರ್ಮದಂತೆ ಹಿಗ್ಗುವುದಿಲ್ಲ, ಹಾಗಾಗಿ ಅದಕ್ಕಿಂತ ದೊಡ್ಡದಕ್ಕೆ ಬೇರೆ ಉಪಾಯ ಬೇಕು. ಪಕ್ಕದ ಚರ್ಮವನ್ನು ಕಮಾನಿನಂತೆ ಕತ್ತರಿಸಿ, ಒಂದು ಬುಡ ಬಿಡದೆ ಇಟ್ಟುಕೊಂಡು, ಗಾಯದ ಮೇಲಕ್ಕೆ ತಿರುಗಿಸುತ್ತಾರೆ. ಬುಡದಿಂದ ರಕ್ತ ಹರಿಯುತ್ತಾ ಇರುವುದರಿಂದ ಆ ಚರ್ಮ ಬರಿಯ ಎಲುಬಿನ ಮೇಲೂ ಬದುಕುತ್ತದೆ. ಇದಕ್ಕೆ ಡಾಕ್ಟರರು ಫ್ಲ್ಯಾಪ್ ಎನ್ನುತ್ತಾರೆ. ಚರ್ಮ ಎತ್ತಿದ ಜಾಗದಲ್ಲಿ ಪೊರೆ ಇರುತ್ತದೆ, ಅಲ್ಲಿಗೆ ತೊಡೆಯ ಕಸಿ ಸಾಕು. ಚಿಕ್ಕ ಗಾಯಕ್ಕೆ ಇಷ್ಟು ದೊಡ್ಡ ಕೊಯ್ತ ಯಾಕೆ ಎಂದು ಮನೆಯವರು ಗಾಬರಿಯಾಗುತ್ತಾರೆ. ಹಿಗ್ಗದ ಬಟ್ಟೆಯಿಂದ ತೇಪೆ ಹಾಕಬೇಕಾದರೆ ದೊಡ್ಡ ತುಂಡೇ ಬೇಕಲ್ಲವೇ?

ಇನ್ನೊಂದು ಹಳೆಯ ಉಪಾಯ, ಎಲುಬಿನ ಹೊರಪದರವನ್ನು ಅಲ್ಲಲ್ಲಿ ಕೊರೆಯುವುದು ಅಥವಾ ಕೆರೆಯುವುದು. ಒಳಗಿನ ರಕ್ತ ಮೇಲೆ ಬಂದು ವಾರಗಳಲ್ಲಿ ಕೆಂಪು ಮಾಂಸದ ಹಾಸು ಬೆಳೆಯುತ್ತದೆ, ಅದರ ಮೇಲೆ ಕಸಿ ಹಾಕುತ್ತಾರೆ. ಬೆಲ್ಲೋಸ್ತ್ ಎಂಬ ಫ್ರಾನ್ಸಿನ ವೈದ್ಯ 1696ರಲ್ಲೇ ಇದನ್ನು ಪುಸ್ತಕದಲ್ಲಿ ಬರೆದಿದ್ದ. ದೊಡ್ಡ ಆಪರೇಷನ್ ತಡೆಯಲಾರದ ಮುದುಕರಿಗೆ ಇದು ಇಂದಿಗೂ ಉಪಯೋಗ.

ಅಂಗೈಗಿಂತ ದೊಡ್ಡ ಗಾಯಕ್ಕೆ ಎಲ್ಲಕ್ಕಿಂತ ದೊಡ್ಡ ಕೆಲಸವೇ ಬೇಕಾಗಬಹುದು. ಬೆನ್ನಿನ ಅಗಲವಾದ ಮಾಂಸವನ್ನು ಅದರ ರಕ್ತನಾಳಗಳ ಸಮೇತ ಪೂರ್ತಿ ಬಿಡಿಸಿ ತಂದು, ಕಿವಿಯ ಮುಂದೆ ಮಿಡಿಯುವ ನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ಎಂಟು ಹತ್ತು ತಾಸಿನ ಕೆಲಸ. ಅಮೆರಿಕದಲ್ಲಿ ಮ್ಯಾಕ್ಲೀನ್ ಮತ್ತು ಬಂಕ್ ಎಂಬ ಡಾಕ್ಟರರು ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ತಂದು ಒಂದು ದೊಡ್ಡ ನೆತ್ತಿಯ ಗಾಯವನ್ನು ಹೀಗೆ ಮುಚ್ಚಿ 1972ರಲ್ಲಿ ಅದನ್ನು ಪ್ರಕಟಿಸಿದರು. ನಾಳ ಹೊಲಿದು ಮಾಂಸ ಸಾಗಿಸುವ ಈ ವಿದ್ಯೆಗೆ ಜಗತ್ತಿನಲ್ಲಿ ಮೊದಲ ಹೆಜ್ಜೆಗಳಲ್ಲಿ ಒಂದು ನೆತ್ತಿಯ ಮೇಲೆಯೇ ಬಿತ್ತು.

ಬಡವನಿಗಾಗಿಯೇ ಹುಟ್ಟಿದ ವಿದ್ಯೆ

‘ಪ್ಲಾಸ್ಟಿಕ್ ಸರ್ಜರಿ ಸಿನಿಮಾದವರಿಗೆ’ ಎಂಬ ಮಾತನ್ನು ಇಂದೇ ಬಿಟ್ಟುಬಿಡಿರಿ. ಪ್ಲಾಸ್ಟಿಕ್ ಎಂದರೆ ಇಲ್ಲಿ ಬಕೀಟಿನ ಪ್ಲಾಸ್ಟಿಕ್ ಅಲ್ಲ. ರೂಪ ಕೊಡುವುದು ಎಂಬ ಗ್ರೀಕ್ ಮಾತಿನಿಂದ ಬಂದ ಹೆಸರು ಅದು.

1794ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಕವಾಸ್‌ಜೀ ಎಂಬವನ ಸುದ್ದಿ ಬಂತು. ಅವನು ರಾಜನಲ್ಲ, ಇಂಗ್ಲಿಷ್ ಸೈನ್ಯದ ಎತ್ತಿನಗಾಡಿ ಹೊಡೆಯುವವ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪೂವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕಸುಬುದಾರ ಅವನ ಹಣೆಯ ಚರ್ಮವನ್ನು ಬುಡ ಬಿಡದೆ ಇಳಿಸಿ ತಿರುಗಿಸಿ ಹೊಸ ಮೂಗು ಕಟ್ಟಿದ. ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. ಆ ಸುದ್ದಿ ಓದಿ ಕಾರ್ಪ್ಯೂ ಎಂಬ ಡಾಕ್ಟರ್ 1814ರಲ್ಲಿ ಲಂಡನ್ನಿನಲ್ಲಿ ಹಾಗೆಯೇ ಮಾಡಿದ. ನೆತ್ತಿಯ ಚರ್ಮ ತಿರುಗಿಸುವ ಇಂದಿನ ಆಪರೇಷನ್ನಿನಲ್ಲಿರುವುದೂ ಅದೇ ತತ್ವ: ಬುಡ ಬಿಡಬೇಡ, ರಕ್ತ ನಿಲ್ಲಿಸಬೇಡ. ಮಾಡಿದವನು ಇಟ್ಟಿಗೆಯವನು, ಮಾಡಿಸಿಕೊಂಡವನು ಗಾಡಿಯವನು. ಇದು ಯಾರ ವಿದ್ಯೆ, ಹೇಳಿರಿ!

ನಮ್ಮ ಕಾಲಕ್ಕೆ ಬರೋಣ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸಿದರು. ರೋಗ ವಾಸಿಯಾದರೂ ಹುಬ್ಬು ಉದುರಿದ ಮುಖ ಕಂಡು ಯಾರೂ ಕೆಲಸ ಕೊಡುತ್ತಿರಲಿಲ್ಲ. ಆಗ ಅವರು ನೆತ್ತಿಯ ಕೂದಲಿರುವ ಚರ್ಮದ ಪಟ್ಟಿಯನ್ನು ರಕ್ತನಾಳದ ಸಮೇತ ಇಳಿಸಿ ಹುಬ್ಬು ಕಟ್ಟಿದರು. ಆ ರೋಗಿಗೆ ಹುಬ್ಬು ಅಲಂಕಾರವಾಗಿತ್ತೇ? ಅದು ಕೂಲಿಯಾಗಿತ್ತು.

ಮುಂಬೈಯ ಸರಕಾರಿ ಜೆ.ಜೆ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗ ಕಟ್ಟಿದ ಡಾ. ನೋಶಿರ್ ಅಂತಿಯಾ ಸಹ ಕುಷ್ಠರೋಗಿಗಳಿಗಾಗಿ ದುಡಿದವರು. ಅವರೂ ಡಾ. ಬುಚ್ ಅವರೂ ಹೊಟ್ಟೆಯ ಚರ್ಮ ಕೊಬ್ಬಿನ ತುಂಡನ್ನು ನಾಳ ಜೋಡಿಸಿ ಬೇರೆ ಕಡೆ ನೆಟ್ಟು 1971ರಲ್ಲಿ ಪ್ರಕಟಿಸಿದರು, ಅಮೆರಿಕದವರು ಬರೆಯುವುದಕ್ಕೂ ಒಂದು ವರ್ಷ ಮೊದಲು. ಅದೇ ಡಾಕ್ಟರರು ಮುಂದೆ ಹಳ್ಳಿಯ ಹೆಂಗಸರಿಗೆ ಆರೋಗ್ಯದ ಕೆಲಸ ಕಲಿಸಲು ಹೊರಟರು. ಆದುದರಿಂದ ಈ ಚಿಕಿತ್ಸೆ ಕೇಳುವಾಗ ಬೇಡುವವರಂತೆ ಕೈ ಮುಗಿದು ನಿಲ್ಲಬೇಡಿರಿ. ಇದು ಸರಕಾರಿ ವಾರ್ಡುಗಳಲ್ಲಿ, ಬಡವರ ಮೈಮೇಲೆ ಬೆಳೆದ ವಿದ್ಯೆ. ಇದರಲ್ಲಿ ನಮ್ಮ ಪಾಲಿದೆ.

ಗುಮಾಸ್ತನಿಗೆ ಉತ್ತರ

‘ಕಾಸ್ಮೆಟಿಕ್ ಕೇಸು, ಯೋಜನೆಯಲ್ಲಿ ಬರುವುದಿಲ್ಲ’ ಎಂದು ಕಾಗದ ತಳ್ಳುವವನಿಗೆ ಹೀಗೆ ಹೇಳಿರಿ. ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಎಲ್ಲ ಆರೋಗ್ಯ ವಿಮಾ ಕಂಪನಿಗಳಿಗೆ ಒಂದೇ ಮಾತಿನ ನಿಯಮ ಬರೆದುಕೊಟ್ಟಿದೆ. ಬರಿಯ ರೂಪಕ್ಕಾಗಿ ಮಾಡುವ ಆಪರೇಷನ್ನನ್ನು ಹೊರಗಿಡಬಹುದು. ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರ ಮಾಡುವ ಪುನರ್ನಿರ್ಮಾಣವನ್ನು ಆ ಹೆಸರಿನಲ್ಲಿ ಹೊರಗಿಡುವಂತಿಲ್ಲ. ದುಡ್ಡು ಕಟ್ಟಿ ವಿಮೆ ಮಾಡಿಸಿದವನಿಗೆ ಇದು ಹಕ್ಕಾದರೆ, ಸರಕಾರದ ಕಾರ್ಡು ಹಿಡಿದು ಬಂದ ಕೂಲಿಕಾರಳಿಗೆ ಅದು ಸೋಗು ಹೇಗಾಯಿತು? ಇಲ್ಲ ಎನ್ನುವುದಾದರೆ ಇಲ್ಲ ಎಂದು ಬರೆದು ಸಹಿ ಮಾಡಿ ಕೊಡಲಿ. ಬಾಯಿಮಾತಿನ ‘ಇಲ್ಲ’ಕ್ಕೆ ಬೆಲೆ ಕೊಡಬೇಡಿರಿ. ಬರವಣಿಗೆಯ ‘ಇಲ್ಲ’ ಇದ್ದರೆ ಮೇಲಿನವರ ಮುಂದೆ ಇಡಬಹುದು.

ಮುಕಾದಮನಿಗೆ ಉತ್ತರ

ಆಪರೇಷನ್ ಎಷ್ಟೋ ಸಲ ಎರಡು ಸರದಿಯಲ್ಲಿ ಆಗುತ್ತದೆ. ಮೊದಲು ಹುಣ್ಣು ತೆಗೆದು, ಅಂಚಿನಲ್ಲಿ ರೋಗ ಉಳಿದಿಲ್ಲವೆಂದು ಪ್ರಯೋಗಾಲಯದವರು ಹೇಳಿದ ಮೇಲೆ ಎರಡನೆಯ ಸಲ ಮುಚ್ಚುತ್ತಾರೆ. ರೋಗದ ಮೇಲೆ ಹೊದಿಕೆ ಹೊಲಿದುಬಿಟ್ಟರೆ ಒಳಗೇ ಬೆಳೆಯುತ್ತದೆಂದು ಈ ಎಚ್ಚರಿಕೆ. ‘ಮತ್ತೆ ಬಾ’ ಎಂದರೆ ಡಾಕ್ಟರ್ ಸುಲಿಯುತ್ತಿದ್ದಾನೆಂದು ತಿಳಿಯಬೇಡಿರಿ.

ಆದರೆ ಆ ಎರಡನೆಯ ತಾರೀಖು ಕಬ್ಬಿನ ಹಂಗಾಮಿನಲ್ಲಿ ಬಿದ್ದರೆ? ಉಚಲು ಎಂಬ ಮುಂಗಡ ಮೊದಲೇ ಕೈಗೆ ಬಂದು ಖರ್ಚಾಗಿದೆ. ಒಂದು ದಿನ ತಪ್ಪಿಸಿದರೆ ‘ಖಾಡಾ’ ಎಂದು ದಂಡ. ಇದಕ್ಕೆ ಹೆದರಿ, ಬುರುಡೆ ಕಾಣುವ ತಲೆಗೆ ಪಟ್ಟಿ ಕಟ್ಟಿ, ಕಬ್ಬಿನ ಹೊಲಕ್ಕೆ ಇಳಿಯುವುದಕ್ಕೆ ಚಿಕಿತ್ಸೆ ಎನ್ನಬೇಕೋ ಕೊಲೆ ಎನ್ನಬೇಕೋ?

ಈ ಖಾಡಾ ಏನು ಮಾಡಬಲ್ಲದು ಎಂಬುದಕ್ಕೆ ನೆರೆಯ ಬೀಡ ಜಿಲ್ಲೆಯೇ ಸಾಕ್ಷಿ. 2019ರಲ್ಲಿ ರಾಜ್ಯ ಸರಕಾರ ನೇಮಿಸಿದ ಸಮಿತಿ ಅಲ್ಲಿ ಕಬ್ಬು ಕಡಿಯುವ 82,309 ಹೆಂಗಸರನ್ನು ವಿಚಾರಿಸಿತು. ಅವರಲ್ಲಿ 13,861 ಮಂದಿಗೆ ಗರ್ಭಕೋಶ ತೆಗೆದಿತ್ತು. ತಿಂಗಳ ಮುಟ್ಟಿಗೆ ಕೆಲಸ ತಪ್ಪಬಾರದೆಂದು, ದಂಡ ಬೀಳಬಾರದೆಂದು, ಬೇಡದ ಆಪರೇಷನ್ನಿಗೂ ಮೈ ಒಡ್ಡಿದವರು ಅವರಲ್ಲಿ ಎಷ್ಟೋ ಮಂದಿ. ನೋಡಿರಿ ನ್ಯಾಯ! ಕೆಲಸಕ್ಕೆ ಅಡ್ಡಿಯಾದರೆ ಒಳ್ಳೆಯ ಅಂಗವನ್ನು ಕೊಯ್ದು ತೆಗೆಯಲು ರೊಕ್ಕ ಹುಟ್ಟುತ್ತದೆ, ಪುರಸೊತ್ತು ಹುಟ್ಟುತ್ತದೆ. ಬರಿಯ ಬುರುಡೆಗೆ ಚರ್ಮ ಹೊದಿಸಲು ಎರಡೂ ಹುಟ್ಟುವುದಿಲ್ಲ. ಎರಡು ಕಡೆಯೂ ಮೈ ನಮ್ಮದು, ಲೆಕ್ಕ ಮಾತ್ರ ಮಾಲೀಕನದು.

1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯಿದೆ ಚಹಾ, ಕಾಫಿ, ರಬ್ಬರ್, ಏಲಕ್ಕಿ ತೋಟಗಳ ಮಾಲೀಕರ ಮೇಲೆ ವೈದ್ಯಸೌಕರ್ಯದ ಹೊಣೆ ಹೊರಿಸಿತು. ಎಸ್ಟೇಟಿನವರು ಹೋರಾಡಿ ಅದರಿಂದ ಅಷ್ಟಿಷ್ಟು ಪಡೆದರು. ಕಬ್ಬಿನ ಹೊಲ ಅದರೊಳಗೆ ಬರಲಿಲ್ಲ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ ಹಳೆಯ ಕಾಯಿದೆ ಸೇರಿಹೋಗಿದೆ. ಹೊಸದರಲ್ಲಿ ಕೈಗೆ ಏನು ಬರುತ್ತದೆಂಬುದು ನಮ್ಮ ಒಗ್ಗಟ್ಟಿನ ಮೇಲೆ ನಿಂತಿದೆ, ಕಾಗದದ ಮೇಲಲ್ಲ.

ಎರಡು ಸರಕಾರಗಳಿಗೂ ಒಂದು ಮಾತು

2023ರಲ್ಲಿ ಮಹಾರಾಷ್ಟ್ರ ಸರಕಾರ ತನ್ನ ಜನ ಆರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಗಡಿ ಹಳ್ಳಿಗಳಿಗೆ ಹಬ್ಬಿಸುವುದಾಗಿ ಹೇಳಿತು. ಕರ್ನಾಟಕದ ಮುಖ್ಯಮಂತ್ರಿ ಅದನ್ನು ಕಟುವಾಗಿ ವಿರೋಧಿಸಿದರು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದ ಸುದ್ದಿಯಾಯಿತು. ರೋಗಿಯ ಹೆಸರಿನಲ್ಲಿ ಗಡಿಯ ಜಗಳ! ಕನ್ನಡ ಆಡುವ ಉಮರ್ಗಾದ ಮುದುಕಿ ಮರಾಠಿ ಅರ್ಜಿಗೆ ಹೆಬ್ಬೆಟ್ಟು ಒತ್ತುವಾಗ ಅದರಲ್ಲಿ ಏನಿದೆ ಎಂದು ಅವಳಿಗೆ ಓದಿ ಹೇಳುವವರು ಯಾರು? ಕರ್ನಾಟಕದೊಳಗೆ ಮರಾಠಿ ಆಡುವ ಮುದುಕನಿಗೆ ಕನ್ನಡ ಅರ್ಜಿ ಓದಿ ಹೇಳುವವರು ಯಾರು? ಅದನ್ನು ಎರಡು ಕಡೆಯವರೂ ಕೇಳಲಿಲ್ಲ. ಹುಣ್ಣಿಗೆ ಭಾಷೆ ಇಲ್ಲ, ಒಪ್ಪಿಗೆ ಪತ್ರಕ್ಕೆ ಇದೆ. ತಲೆಯ ಚರ್ಮ ಎಲ್ಲಿಂದ ತೆಗೆಯುತ್ತಾರೆ, ಎಷ್ಟು ದಿನ ಮಲಗಬೇಕು, ಕೂದಲು ಬರುತ್ತದೋ ಇಲ್ಲವೋ, ಇವನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳಿಸುವುದು ಭಿಕ್ಷೆಯಲ್ಲ.

ನಮ್ಮವರಿಗೂ ಒಂದು ಮಾತು

ಬೈದದ್ದೆಲ್ಲ ಹೊರಗಿನವರನ್ನೇ ಆಯಿತು. ಮನೆಯೊಳಗೂ ನೋಡೋಣ. ತಾಯಿಯ ತಲೆಯ ಹುಣ್ಣು ನಾತ ಬಂತೆಂದು ಹೊರಗಿನ ಪಡಸಾಲೆಗೆ ಹಾಸಿಗೆ ಸರಿಸುವವರು ನಮ್ಮವರೇ. ‘ಪಾಪದ ಫಲ’ ಎನ್ನುವವರೂ ನಮ್ಮ ಸಭೆಗಳಲ್ಲೇ ಇದ್ದಾರೆ. ಗಾಯಗೊಂಡು ದಾರಿಯಲ್ಲಿ ಬಿದ್ದವನ ಸಾಮ್ಯವನ್ನು ಎಷ್ಟು ಸಲ ಕೇಳಿದ್ದೇವೆ! ಆ ಸಮಾರ್ಯದವನು ಎಣ್ಣೆ ಹೊಯ್ದು ಪಟ್ಟಿ ಕಟ್ಟಿ ಹೊರಟುಹೋಗಲಿಲ್ಲ. ತನ್ನ ಕತ್ತೆಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ರಾತ್ರಿ ನೋಡಿಕೊಂಡ, ಮರುದಿನ ರೊಕ್ಕ ಕೊಟ್ಟು, ಉಳಿದ ಖರ್ಚನ್ನು ತಿರುಗಿ ಬಂದಾಗ ಕೊಡುವೆನೆಂದು ಹೇಳಿ ಹೋದ. ಪಟ್ಟಿ ಕಟ್ಟುವುದು ಅರ್ಧ, ಗುಣವಾಗುವ ತನಕ ನೋಡುವುದು ಪೂರ್ತಿ. ನಾವು ಯಾವ ಅರ್ಧದಲ್ಲಿ ನಿಂತಿದ್ದೇವೆ?

ಎಲ್ಲಿಗೆ ಹೋಗಬೇಕು

ಉಮರ್ಗಾದಿಂದ ಆಳಂದ ದಾಟಿದರೆ ಕಲಬುರಗಿ, ಅಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖಾ ಕೇಂದ್ರವಿದೆ. ಹೆದ್ದಾರಿ ಹಿಡಿದರೆ ಸೋಲಾಪುರ, ಅದರಾಚೆ ಬಾರ್ಶಿ. ಬಾರ್ಶಿಯಲ್ಲಿ ನರ್ಗೀಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ಅಲ್ಲಿಯೇ, ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ ಹಳ್ಳಿಗಳಲ್ಲಿ. ನೋಂದಣಿಯವರು ಹಳ್ಳಿ ಹಳ್ಳಿಗೆ ಹೋಗಿ ಲಕ್ಷಣಗಳನ್ನು ತಿಳಿಸಿ ಹೇಳಿದ್ದರಿಂದಲೇ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇದ್ದ ಹೆಂಗಸರು ಮೊದಲಿಗಿಂತ ಬೇಗ ಬರತೊಡಗಿದರು. ದೊಡ್ಡ ಯಂತ್ರ ಬರಲಿಲ್ಲ, ಮಾತು ಬಂತು. ನಮ್ಮ ಟೋಳಿಗಳಲ್ಲೂ ಲೈನ್ ಮನೆಗಳಲ್ಲೂ ಆ ಮಾತನ್ನು ನಾವೇ ಆಡಬಹುದು.

ದೊಡ್ಡ ಕೆಲಸಕ್ಕೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಇದೆ. 1941ರಲ್ಲಿ ಶುರುವಾದ ಆಸ್ಪತ್ರೆ, ಕ್ಯಾನ್ಸರ್ ತೆಗೆಯುವವರೂ ಮುಚ್ಚುವವರೂ ಒಂದೇ ಸೂರಿನ ಕೆಳಗೆ ಇದ್ದಾರೆ. ಉದಗೀರದಿಂದ ಲಾತೂರ ಮೇಲೆ ಮುಂಬೈಗೆ ರೈಲು ಹೋಗುತ್ತದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಡಬ್ಬಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರನಿಗೆ ಮುಕ್ಕಾಲು ಪಾಲು. ಆಸ್ಪತ್ರೆಯ ಸರ್ಟಿಫಿಕೇಟು ಬೇಕು. ಆಯುಷ್ಮಾನ್ ಕಾರ್ಡು ಇದ್ದವರ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ. ಆ ಕಾರ್ಡು ಊರಿನ ರಾಜ್ಯದಲ್ಲಷ್ಟೇ ಅಲ್ಲ, ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಹೊರಡುವ ಮೊದಲು ಕಾರ್ಡಿನಲ್ಲೂ ಆಧಾರದಲ್ಲೂ ಹೆಸರು ಒಂದೇ ಇದೆಯೇ ನೋಡಿರಿ.

ನಾವು ಕೇಳಬೇಕಾದದ್ದು

1. ತಲೆಯ ಮೇಲೆ ನಾಲ್ಕು ವಾರಕ್ಕೂ ಮಾಯದ ಹುಣ್ಣು ಇದ್ದವರನ್ನು ಟೋಳಿಯವರೇ, ಸಂಘದವರೇ ದವಾಖಾನೆಗೆ ಕರೆದೊಯ್ಯತಕ್ಕದ್ದು.

2. ಆಪರೇಷನ್ನಿಗೆ ಒಪ್ಪುವ ಮುಂಚೆ ‘ತೆಗೆದ ಮೇಲೆ ಏನಿಂದ ಮುಚ್ಚುತ್ತೀರಿ, ಯಾವಾಗ, ಯಾವ ಆಸ್ಪತ್ರೆಯಲ್ಲಿ?’ ಎಂದು ಕೇಳತಕ್ಕದ್ದು. ಅಲ್ಲಿ ಮುಚ್ಚಲಾಗದಿದ್ದರೆ ಕೊಯ್ಯುವ ಮೊದಲೇ ದೊಡ್ಡ ಆಸ್ಪತ್ರೆಗೆ ಚೀಟಿ ಪಡೆಯತಕ್ಕದ್ದು.

3. ಚಿಕಿತ್ಸೆಯ ದಿನಗಳಿಗೆ ಖಾಡಾ ಹಾಕಕೂಡದು. ಆ ಹಂಗಾಮಿಗೆ ಉಚಲಿನ ವಸೂಲಿ ನಿಲ್ಲಬೇಕು.

4. ವಾಸಿಯಾದ ಮೇಲೆ ತಲೆಹೊರೆ ಕೂಡದು. ಕಸಿ ಮಾಡಿದ ಚರ್ಮಕ್ಕೆ ಕೂದಲಿಲ್ಲ, ಕೊಬ್ಬಿನ ಮೆತ್ತೆಯಿಲ್ಲ, ಸ್ಪರ್ಶವೂ ಕಡಿಮೆ. ಸಿಂಬಿ ಒತ್ತಿ ತಿರುಗಿದರೆ ಒಡೆಯುತ್ತದೆ, ಒಡೆದದ್ದು ಗೊತ್ತೂ ಆಗುವುದಿಲ್ಲ. ಅಂಥವರಿಗೆ ಕಟ್ಟುವ, ಆರಿಸುವ, ನರ್ಸರಿಯ ಕೆಲಸ ಕೊಡಬೇಕು, ಕೂಲಿ ಮಾತ್ರ ಒಂದು ಪೈಸೆಯೂ ಇಳಿಯಕೂಡದು.

5. ಮನೆಯವರು ವಾರಕ್ಕೊಮ್ಮೆ ಬೆಳಕಿನಲ್ಲಿ ಕಲೆ ನೋಡತಕ್ಕದ್ದು, ಬಿಸಿಲಿಗೆ ಮೆತ್ತನೆಯ ಹತ್ತಿಯ ಬಟ್ಟೆ, ಚರ್ಮ ಒಣಗದಂತೆ ಡಾಕ್ಟರರು ಹೇಳಿದ ಎಣ್ಣೆ. ಕುತ್ತಿಗೆಯಲ್ಲಿ, ಕಿವಿಯ ಹಿಂದೆ ಗಂಟು ಕಂಡರೆ ತಾರೀಖು ಕಾಯದೆ ಹೋಗತಕ್ಕದ್ದು. ಕರೆದ ದಿನಕ್ಕೆ ತಪ್ಪದೆ ತೋರಿಸತಕ್ಕದ್ದು.

ಇವುಗಳಲ್ಲಿ ನಾಲ್ಕನೆಯದೇ ನಮಗೆ ದೊಡ್ಡ ಹೋರಾಟ. ಆಸ್ಪತ್ರೆ ಕಟ್ಟಿಕೊಟ್ಟ ಚರ್ಮವನ್ನು ಮರುವರ್ಷದ ಮೋಳಿ ಹರಿದುಹಾಕಿದರೆ, ಡಾಕ್ಟರರ ಹತ್ತು ತಾಸಿನ ಕೆಲಸವೂ ಸರಕಾರದ ಲಕ್ಷ ರೂಪಾಯಿಯೂ ಮಣ್ಣುಪಾಲು. ಮುಕಾದಮನಾಗಲಿ ಎಸ್ಟೇಟಿನ ರೈಟರನಾಗಲಿ ‘ಹೊರಲಾರದವಳಿಗೆ ಇಲ್ಲಿ ಕೆಲಸವಿಲ್ಲ’ ಎಂದಾಗ ಅವಳೊಬ್ಬಳೇ ಉತ್ತರ ಕೊಡುವಂತಾಗಬಾರದು. ಇಡೀ ಟೋಳಿ, ಇಡೀ ಲೈನು ಒಂದೇ ಬಾಯಿಂದ ಹೇಳಲಿ: ಇವಳು ಇಷ್ಟು ವರ್ಷ ಹೊತ್ತಳು, ಇನ್ನು ಇವಳ ಹೊರೆ ನಾವು ಹೊರುತ್ತೇವೆ, ಇವಳ ಕೂಲಿ ನೀನು ಕೊಡು.